ಮದ್ದು ಮೇಲೆ, ನೀರು ಕೆಳಗೆ

ನೊಲೀನ್ ಗ್ರೇಡಿಗೆ ಭಾನುವಾರ ಎಂಬುದು ಇಲ್ಲದೆ ಇಪ್ಪತ್ತಾರು ವರ್ಷವಾಯಿತು. ಟೌನ್ಸ್‌ವಿಲ್ಲಿನ ಸಂಶೋಧನಾಲಯವೊಂದರ ಎರಡನೇ ಮಹಡಿಯಲ್ಲಿ ಅವಳು ಸಾಕುವ ಜೀವಕೋಶಗಳಿಗೆ ಕ್ರಿಸ್‌ಮಸ್ಸೂ ತಿಳಿಯದು, ಈಸ್ಟರೂ ತಿಳಿಯದು. ಎರಡು ದಿನಕ್ಕೊಮ್ಮೆ ಬಾಟಲಿಗಳಿಂದ ಹಳೆಯ ನೀರು ತೆಗೆದು ಹೊಸ ನೀರು ಹಾಕಲೇಬೇಕು. ನೀರೆಂದರೆ ಬರಿ ನೀರಲ್ಲ. ಸಕ್ಕರೆ, ಉಪ್ಪು, ಸತ್ವಗಳನ್ನೆಲ್ಲ ಕಲಸಿದ ಗುಲಾಬಿ ಬಣ್ಣದ ಊಟ. ಹೊತ್ತು ತಪ್ಪಿದರೆ ಗುಲಾಬಿ ಕಿತ್ತಳೆಯಾಗುತ್ತದೆ, ಕಿತ್ತಳೆ ಹಳದಿಯಾಗುತ್ತದೆ. ಹಳದಿಯಾಯಿತೆಂದರೆ ಒಳಗಿರುವವು ತಮ್ಮ ಹೊಲಸಿನಲ್ಲೇ ಸಾಯುತ್ತಿವೆ ಎಂದು ಅರ್ಥ.

“ಹಸು ಸಾಕಿದೋಳಿಗಾದ್ರೂ ಹಾಲು ಸಿಗತ್ತೆ, ನಂಗೇನು ಸಿಕ್ತು ಮಣ್ಣು?” ಎಂದು ಅವಳು ಆಗಾಗ ಗೊಣಗುತ್ತಾಳೆ. ಗೊಣಗುವುದಷ್ಟೇ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಾರಿನ ಕೀಲಿಕೈ ತೆಗೆದುಕೊಂಡು ಹೊರಟೇ ಬಿಟ್ಟಿರುತ್ತಾಳೆ.

ಅವಳಿಗೀಗ ಅರವತ್ತೊಂದು. ಮಂಡಿ ಎರಡೂ ಕೈಕೊಟ್ಟಿವೆ. ಸೋಂಕು ತಾಗದಂತೆ ಬಾಟಲಿ ತೆರೆಯುವ ಗಾಜಿನ ಕಪಾಟಿನೊಳಗೆ ಕೈಯಿಟ್ಟು ಗಂಟೆಗಟ್ಟಲೆ ಕೂತು ಬೆನ್ನು ಬಾಗಿದೆ. ಕಣ್ಣು ಮಾತ್ರ ಇನ್ನೂ ಚುರುಕು. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿದರೆ ಸಾಕು, ಬಾಟಲಿಯೊಳಗಿನವರ ಕಷ್ಟಸುಖ ಗೊತ್ತಾಗಿಬಿಡುತ್ತದೆ. ಸುಖವಾಗಿರುವ ಜೀವಕೋಶ ಬಾಟಲಿಯ ತಳದಲ್ಲಿ ಕೈಕಾಲು ಚಾಚಿ ಮಲಗಿದಂತೆ ಹರಡಿಕೊಂಡಿರುತ್ತದೆ. ಕಷ್ಟ ಬಂದಾಗ ಮೊದಲು ಅಂಚುಗಳನ್ನು ಒಳಗೆಳೆದುಕೊಳ್ಳುತ್ತದೆ, ಆಮೇಲೆ ಗುಂಡಗಾಗುತ್ತದೆ, ಕೊನೆಗೆ ಹಿಡಿತ ಬಿಟ್ಟು ತೇಲುತ್ತದೆ. ಹಾಗೆ ತೇಲಿದ್ದು ಮತ್ತೆ ತಳ ಹಿಡಿದದ್ದನ್ನು ಅವಳು ಕಂಡೇ ಇಲ್ಲ.

ಬಿಸಿ ತಾಗಿದಾಗ ಜೀವಕೋಶ ಏನು ಮಾಡುತ್ತದೆ ಎಂದು ಪ್ರೊಫೆಸರ್ ಗ್ರೆಹಾಂ ಟಿಲ್ ಹೊಸ ವಿದ್ಯಾರ್ಥಿಗಳಿಗೆ ಚಿತ್ರ ಬರೆದು ಒಂದು ಗಂಟೆ ಪಾಠ ಮಾಡುತ್ತಾನೆ. ಪಾಠ ಕೇಳಿದವರು ತಲೆ ಕೆರೆದುಕೊಳ್ಳುತ್ತ ನೊಲೀನಳ ಹತ್ತಿರ ಬರುತ್ತಾರೆ. ಮೂರು ವರ್ಷದ ಹಿಂದೆ ಟ್ಯಾಮ್ಸಿನ್ ಬಂದದ್ದೂ ಹಾಗೆಯೇ. ಇಂಗಮ್ ಕಡೆಯ ಕಬ್ಬಿನ ತೋಟದವರ ಮಗಳು, ಪಿಎಚ್.ಡಿ.ಗೆಂದು ಸೇರಿದವಳು.

“ನೋಡೇ,” ಎಂದಿದ್ದಳು ನೊಲೀನ್, “ಸೆಲ್ಲಿನ ಒಳಗೆ ಕೆಲಸ ಮಾಡೋ ಪ್ರೋಟೀನೆಲ್ಲ ಮಡಿಚಿಟ್ಟ ಬಟ್ಟೆ ಇದ್ದ ಹಾಗೆ. ಬಿಸಿ ತಾಗಿದ್ರೆ ಮಡಿಕೆ ಬಿಚ್ಕೊಂಡು ಒಂದಕ್ಕೊಂದು ಗಂಟು ಬೀಳ್ತವೆ. ಆಗ ಸೆಲ್ಲು ಮಿಕ್ಕಿದ ಕೆಲಸ ಎಲ್ಲ ಅಲ್ಲಲ್ಲೇ ಬಿಟ್ಟು, ಬಟ್ಟೆ ಮಡಿಚೋ ಆಳುಗಳನ್ನ ಹುಟ್ಟಿಸ್ಕೊಳ್ಳತ್ತೆ. ಬಿಸಿ ಒಂಚೂರೇ ಆಗಿ, ಆಮೇಲೆ ಒಂದಷ್ಟು ಬಿಡುವು ಸಿಕ್ತು ಅನ್ನು, ಆ ಆಳುಗಳು ಮನೇಲೇ ಇರ್ತಾವೆ. ನಾಳೆ ದೊಡ್ಡ ಬಿಸಿ ಬಂದ್ರೂ ತಡ್ಕೊಳ್ಳತ್ತೆ. ಬಿಡುವೇ ಸಿಗ್ಲಿಲ್ಲ, ಬಿಸಿ ಮೇಲೆ ಬಿಸಿ ಬಂತು ಅನ್ನು, ಆಳುಗಳೂ ಸೋತು ಹೋಗ್ತಾವೆ. ಆಗ ಸೆಲ್ಲೇ ತೀರ್ಮಾನ ಮಾಡತ್ತೆ, ಸಾಕಪ್ಪಾ ಅಂತ. ಅಕ್ಕಪಕ್ಕದೋರಿಗೆ ತೊಂದ್ರೆ ಕೊಡ್ದೆ ತನ್ನನ್ನ ತಾನೇ ಕಳಚ್ಕೊಂಡು ಹೋಗ್ಬಿಡತ್ತೆ.”

“ಥೇಟ್ ನಮ್ಮಮ್ಮ,” ಎಂದಳು ಟ್ಯಾಮ್ಸಿನ್. “ತೊಂದ್ರೆ ಕೊಡ್ದೆ ಹೋಗೋದೊಂದು ಬಿಟ್ಟು.”

ಅವತ್ತಿನಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಈ ವಿಷಯ ನೊಲೀನಳಿಗೆ ಬಾಟಲಿಯೊಳಗಿನದಷ್ಟೇ ಆಗಿರಲಿಲ್ಲ. ಅವಳ ಗಂಡ ಕ್ಲೆಮ್ ಮೂವತ್ತು ವರ್ಷ ತಗಡಿನ ಮಾಡು ಹೊದಿಸಿದವನು. ಆರು ವರ್ಷದ ಹಿಂದೆ ಕ್ರಿಸ್‌ಮಸ್ಸಿಗೆ ಹದಿನೈದು ದಿನ ರಜೆ ಹಾಕಿ, ಬೋವೆನ್ ಸಮುದ್ರದ ದಂಡೆಯಲ್ಲಿ ನೆರಳಿನಲ್ಲಿ ಕೂತು ಮೀನು ಹಿಡಿದು, ಅಲ್ಲಿ ನಡುಬೇಸಿಗೆಯಾದ ಜನವರಿಯ ಮೊದಲ ಸೋಮವಾರ ನೇರ ಮಾಡು ಹತ್ತಿದ. ಹದಿನೈದು ದಿನದಲ್ಲಿ ಮೈಗೆ ಬಿಸಿಯ ಅಭ್ಯಾಸ ತಪ್ಪಿರುತ್ತದೆ, ಮೊದಲ ವಾರ ಅರ್ಧ ಹೊತ್ತು ಮಾತ್ರ ಕೆಲಸ ಮಾಡಬೇಕು. ಇದು ತಿಳಿದವಳು ಆ ಮನೆಯಲ್ಲಿ ನೊಲೀನ್ ಒಬ್ಬಳೇ, ಬೆಳಿಗ್ಗೆ ಊಟದ ಡಬ್ಬಿ ಕೈಗಿತ್ತು ಕಳಿಸಿದವಳೂ ಅವಳೇ. ಎರಡು ಗಂಟೆಗೆ ಅವನನ್ನು ಏಣಿಯಿಂದ ಇಳಿಸಿಕೊಂಡು ಬಂದಾಗ ಮೈ ಕೆಂಡವಾಗಿತ್ತು, ಬೆವರು ನಿಂತುಹೋಗಿತ್ತು. ಜೀವ ಉಳಿಯಿತು. ಮೂತ್ರಪಿಂಡ ಅರ್ಧ ಉಳಿಯಿತು. ಹಳೆಯ ನೆನಪೆಲ್ಲ ಉಳಿಯಿತು. ಹೊಸದು ನಿಲ್ಲುವುದು ತಪ್ಪಿತು. ಈಗ ಅವನಿಗೆ ಹತ್ತು ವಿಷಯ ಹೇಳಿದರೆ ಒಂದು ನಿಲ್ಲುತ್ತದೆ, ಆ ಒಂದು ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಅಂದಿನಿಂದ ನೊಲೀನ್ ಮನೆಯಲ್ಲಿ ಅವನನ್ನು ನೋಡಿಕೊಂಡು, ಇಲ್ಲಿ ಜೀವಕೋಶಗಳನ್ನು ನೋಡಿಕೊಂಡು, ತನ್ನನ್ನು ಯಾರು ನೋಡಿಕೊಳ್ಳಬೇಕೆಂದು ಕೇಳುವಷ್ಟೂ ತ್ರಾಣವಿಲ್ಲದೆ ದಿನ ದೂಡುತ್ತಿದ್ದಾಳೆ.

ಆದ್ದರಿಂದಲೇ ಟ್ಯಾಮ್ಸಿನ್‌ಳ ಸಂಶೋಧನೆ ಎಂದರೆ ನೊಲೀನಳಿಗೆ ಎಲ್ಲಿಲ್ಲದ ಅಕ್ಕರೆ. ಜೀವಕೋಶಗಳನ್ನು ಬಿಸಿಯಿಂದ ಕಾಪಾಡೀತೆಂದು, ಹವಳದ ದಿಬ್ಬಗಳ ನಡುವೆ ಬೆಳೆಯುವ ಸ್ಪಂಜು ಎಂಬ ಕಡಲಜೀವಿಯಿಂದ ತೆಗೆದ ಸತ್ವವದು. ತೆಗೆದವುಗಳಲ್ಲಿ ಹದಿನೇಳನೆಯದಾದ್ದರಿಂದ ಎಲ್ಲರೂ ಅದನ್ನು ಹದಿನೇಳು ಎಂದೇ ಕರೆಯುತ್ತಿದ್ದರು. ಮನುಷ್ಯರ ಮೂತ್ರಪಿಂಡದ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸಿ, ಅರ್ಧ ತಟ್ಟೆಗಳಿಗೆ ಹದಿನೇಳು, ಇನ್ನರ್ಧಕ್ಕೆ ಮದ್ದಿಲ್ಲದ ಬರಿ ಗುಲಾಬಿ ನೀರು ಹಾಕಿ, ಸಂಜೆಯಿಂದ ಬೆಳಗಿನವರೆಗೆ ಕಾವುಪೆಟ್ಟಿಗೆಯಲ್ಲಿ ಇಡುವುದು. ಪೆಟ್ಟಿಗೆಯೊಳಗೆ ಸದಾ ನಮ್ಮ ಮೈಯಷ್ಟೇ ಬಿಸಿ, ಮೂವತ್ತೇಳು ಡಿಗ್ರಿ. ಬೆಳಿಗ್ಗೆ ಎಲ್ಲ ತಟ್ಟೆಗಳನ್ನೂ ನಲವತ್ತೈದು ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಸುಡುವುದು. ಮಾರನೆಯ ದಿನ ನೀಲಿ ಬಣ್ಣ ಹಾಕಿ ಎಣಿಸುವುದು. ಸತ್ತವು ನೀಲಿಯಾಗುತ್ತವೆ, ಬದುಕಿದವು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬರಿ ನೀರಿನವುಗಳಲ್ಲಿ ನೂರಕ್ಕೆ ಇಪ್ಪತ್ತು ಬದುಕಿದರೆ, ಹದಿನೇಳು ಕುಡಿದವುಗಳಲ್ಲಿ ಎಪ್ಪತ್ತು ಬದುಕಿದವು. ಒಂದು ಸಲವಲ್ಲ, ಒಂಬತ್ತು ಸಲ.

ತಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿ ಇಡುವ ಕೆಲಸ ನೊಲೀನಳದು. ಅದಕ್ಕೊಂದು ಹಳೆಯ ಕಟ್ಟಳೆಯಿದೆ. ಪೆಟ್ಟಿಗೆಯ ಮೂಲೆ ಮೂಲೆಗೂ ಕಾವು ಒಂದೇ ಸಮ ಇರುತ್ತದೆ ಎಂದು ನಂಬುವಂತಿಲ್ಲ. ಆದ್ದರಿಂದ ಈ ಸಲ ಮೇಲಿನ ಹಲಗೆಯಲ್ಲಿ ಇಟ್ಟದ್ದನ್ನು ಮುಂದಿನ ಸಲ ಕೆಳಗಿನ ಹಲಗೆಯಲ್ಲಿ ಇಡಬೇಕು. ಈ ಕಟ್ಟಳೆಯನ್ನು ಇಪ್ಪತ್ತು ವರ್ಷ ಎಲ್ಲರ ಕಿವಿ ಹಿಂಡಿ ಕಲಿಸಿದವಳು ಅವಳೇ. ಆದರೆ ಕ್ಲೆಮ್‌ಗೆ ಬಿಸಿಲು ಬಡಿದ ಮೇಲೆ ಒಂದು ದಿನ ಯಾವ ತಟ್ಟೆ ಯಾವುದೆಂದು ಅವಳಿಗೇ ಗೊಂದಲವಾಗಿ ಒಂದು ವಾರದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತು. ಅಂದಿನಿಂದ ಅವಳು ತನಗೆ ತಾನೇ ಒಂದು ಸುಲಭದ ಸೂತ್ರ ಮಾಡಿಕೊಂಡಳು: ಮದ್ದು ಮೇಲೆ, ನೀರು ಕೆಳಗೆ. ಯೋಚಿಸಬೇಕಾದ ವಿಷಯಗಳಲ್ಲಿ ಒಂದು ಕಡಿಮೆಯಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡಳು. ದಣಿದವರು ಮಾಡಿಕೊಳ್ಳುವ ಸಮಾಧಾನಗಳೇ ಹೀಗೆ.

ಅಕ್ಟೋಬರಿನಲ್ಲಿ ದೊಡ್ಡದೊಂದು ವಿಜ್ಞಾನ ಪತ್ರಿಕೆ ಲೇಖನವನ್ನು ಒಪ್ಪಿಕೊಂಡಿತು. ಗ್ರೆಹಾಂ ಆ ಪತ್ರವನ್ನು ಅಚ್ಚು ಮಾಡಿ ನೊಲೀನಳ ಮೇಜಿನ ಮೇಲಿಟ್ಟ.

“ಹೆಸರುಗಳನ್ನ ಓದು,” ಎಂದ.

ಐದು ಹೆಸರುಗಳಿದ್ದವು. ನಾಲ್ಕನೆಯದು ಅವಳದು. ಇಪ್ಪತ್ತಾರು ವರ್ಷದಲ್ಲಿ ಹದಿನಾಲ್ಕು ಲೇಖನಗಳ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅವಳಿಗೆ ‘ಕೃತಜ್ಞತೆ’ ಸಿಕ್ಕಿತ್ತು. ಬರೆದವರ ಸಾಲಿನಲ್ಲಿ ಕೂತದ್ದು ಇದೇ ಮೊದಲು.

“ನಂಗ್ಯಾಕಪ್ಪಾ ಇದೆಲ್ಲ? ನಾನು ಬಾಟ್ಲಿ ತೊಳೆಯೋಳು,” ಎಂದಳು.

“ಬಾಟ್ಲಿ ತೊಳೆಯೋಳೇ, ಸುಮ್ನಿರು. ಡಿಸೆಂಬರ್ ಸಂಚಿಕೇಲಿ ಬರತ್ತೆ. ಒಂದು ಹೊಸ ಫ್ರಾಕು ಹೊಲಿಸ್ಕೋ,” ಎಂದ ಗ್ರೆಹಾಂ.

ಅವಳು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಇಷ್ಟು ಆಸೆ ತನ್ನೊಳಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಆ ಪತ್ರ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಕ್ಲೆಮ್ ಪ್ರತಿ ಬೆಳಿಗ್ಗೆ ಹಾಲು ತೆಗೆಯಲು ಹೋದಾಗ ಅದನ್ನು ಹೊಸದಾಗಿ ಓದುತ್ತಿದ್ದ, ಹೊಸದಾಗಿ ಹಿಗ್ಗುತ್ತಿದ್ದ. ದಿನಾ ಓದಿ ಓದಿ ಆ ಸಂಗತಿ ಅವನ ತಲೆಯಲ್ಲಿ ನಿಂತೇಬಿಟ್ಟಿತು. ಬೇಲಿಯಾಚೆಯ ಬೆವ್‌ಗೆ ಹೇಳಿದ, ಬೌಲ್ಸ್ ಆಟದ ಕ್ಲಬ್ಬಿನ ಗೆಳೆಯರಿಗೆಲ್ಲ ಫೋನಿನಲ್ಲಿ ಹೇಳಿದ. “ನನ್ ಹೆಂಡ್ತಿ ಬಿಸಿಲಿಗೆ ಮದ್ದು ಕಂಡ್ಹಿಡಿದಿದಾಳೆ ಕಣ್ರೋ! ಹೆಸರು ಪ್ರಿಂಟಾಗತ್ತೆ!”

“ನಾನಲ್ಲ ಮಾರಾಯ, ಟ್ಯಾಮ್ಸಿನ್,” ಎಂದು ನೊಲೀನ್ ತಿದ್ದುತ್ತಿದ್ದಳು. ಅಷ್ಟೇನೂ ಜೋರಾಗಿ ತಿದ್ದುತ್ತಿರಲಿಲ್ಲ.

ನವೆಂಬರಿನ ಕೊನೆಯ ಭಾನುವಾರ. ಮಳೆ ಬರಬೇಕು, ಬರುತ್ತಿಲ್ಲ. ಬೆಳಿಗ್ಗೆಯೇ ಆಕಾಶ ಮುಖ ಊದಿಸಿಕೊಂಡು ನಿಂತಿತ್ತು. ನೊಲೀನ್ ಕೊನೆಯ ಬಾಟಲಿಗೆ ನೀರು ಹಾಕುತ್ತಿದ್ದಾಗ ಒಣ ಸಿಡಿಲೊಂದು ಬಿದ್ದು ಇಡೀ ಕಟ್ಟಡದ ಕರೆಂಟು ಹೋಯಿತು. ಯಂತ್ರಗಳೆಲ್ಲ ಒಟ್ಟಿಗೆ ಸುಮ್ಮನಾದವು. ಆ ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಎರಡು ನಿಮಿಷಕ್ಕೆ ಕರೆಂಟು ಬಂತು. ಸಾಲಾಗಿ ನಿಂತ ನಾಲ್ಕು ಕಾವುಪೆಟ್ಟಿಗೆಗಳ ಒಳಗಿನ ಪುಟ್ಟ ಫ್ಯಾನುಗಳು ಒಂದೊಂದಾಗಿ ಗುಂಯ್ ಎನ್ನಲು ಶುರುಮಾಡಿದವು. ಒಂದು. ಎರಡು. ನಾಲ್ಕನೆಯದು. ಮೂರನೆಯದು ಗುಂಯ್ ಎನ್ನಲಿಲ್ಲ.

ಮೂರನೆಯ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಹೊರಗಿನ ಅಂಕೆ ಮೂವತ್ತೇಳು ತೋರಿಸುತ್ತಿತ್ತು, ಎಲ್ಲ ಸರಿಯಾಗಿತ್ತು, ಕಾವನ್ನು ಒಳಗೆಲ್ಲ ಹಂಚುವ ಫ್ಯಾನು ಮಾತ್ರ ತಿರುಗುತ್ತಿರಲಿಲ್ಲ. ಈಗಷ್ಟೇ ಕೆಟ್ಟಿತೇ, ಇಲ್ಲ ಮೊದಲೇ ಕೆಟ್ಟು ಮಿಕ್ಕ ಮೂರರ ಸದ್ದಿನಲ್ಲಿ ಕೇಳಿಸದೆ ಹೋಗಿತ್ತೇ? ಅವಳು ಬಾಗಿಲು ತೆಗೆದು ಫ್ಯಾನಿನ ರೆಕ್ಕೆ ನೋಡಿದಳು. ರೆಕ್ಕೆಯ ಮೇಲೆ ಬೂಷ್ಟು ದಪ್ಪಗೆ ಕೂತಿತ್ತು. ತಿರುಗುವ ರೆಕ್ಕೆಗೆ ಬೂಷ್ಟು ಹಿಡಿಯುವುದಿಲ್ಲ.

ಕೆಳಗಿನ ಹಲಗೆಯಲ್ಲಿ ಒಂದು ಥರ್ಮಾಮೀಟರು, ಮೇಲಿನ ಹಲಗೆಯಲ್ಲಿ ಒಂದು ಇಟ್ಟು ಬಾಗಿಲು ಮುಚ್ಚಿ, ಕುರ್ಚಿ ಎಳೆದುಕೊಂಡು ಎರಡು ಗಂಟೆ ಕೂತಳು. ತೆಗೆದು ನೋಡಿದರೆ ಕೆಳಗೆ ಮೂವತ್ತೇಳು, ಮೇಲೆ ನಲವತ್ತೂವರೆ.

ಹದಿನೇಳರ ತಟ್ಟೆಗಳೆಲ್ಲ ಮೂರನೆಯ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಮದ್ದು ಮೇಲೆ, ನೀರು ಕೆಳಗೆ.

ಅವಳಿಗೆ ಬಿಡಿಸಿ ಹೇಳುವವರು ಬೇಕಿರಲಿಲ್ಲ. ಮೇಲಿನ ತಟ್ಟೆಗಳು ರಾತ್ರಿಯೆಲ್ಲ ಒಂಚೂರು ಬಿಸಿ ತಿಂದು, ಬಟ್ಟೆ ಮಡಿಚುವ ಆಳುಗಳನ್ನು ಹುಟ್ಟಿಸಿಕೊಂಡು ಸಜ್ಜಾಗಿದ್ದವು. ಬೆಳಗಿನ ದೊಡ್ಡ ಬಿಸಿಯನ್ನು ತಡೆದುಕೊಂಡವು. ಅದರಲ್ಲಿ ಸ್ಪಂಜಿನ ಸತ್ವದ ಹೆಚ್ಚುಗಾರಿಕೆ ಏನೂ ಇಲ್ಲದಿರಬಹುದು. ಮೇಲಿನ ತಟ್ಟೆಗಳು ಕೈಗೆ ಬಿಸಿಯೆನಿಸಿದ್ದು ಅವಳಿಗೆ ನೆನಪಿತ್ತು. ವಯಸ್ಸಾಯಿತು, ನನ್ನ ಕೈಯೇ ತಣ್ಣಗಾಗುತ್ತಿದೆ ಎಂದುಕೊಂಡು ಸುಮ್ಮನಾಗಿದ್ದಳು.

ಕಾರಿಗೆ ಬಂದು ಕೂತಳು. ಎಂಜಿನ್ ಚಾಲೂ ಮಾಡಲಿಲ್ಲ. ಸುಮ್ಮನಿರಬಹುದು. ನಾಳೆ ರಿಪೇರಿಯವನಿಗೆ ಫೋನ್ ಮಾಡಿ ಫ್ಯಾನು ಬದಲಾಯಿಸಿದರೆ ಒಂದಕ್ಕೊಂದು ತಳುಕು ಹಾಕುವವರು ಲೋಕದಲ್ಲಿ ಯಾರೂ ಇಲ್ಲ. ಸಂಚಿಕೆ ಹೊರಬೀಳಲು ಹದಿನಾರು ದಿನ. ಹದಿನಾರು ದಿನ ತುಟಿಪಿಟಕ್ಕೆನ್ನದೆ ಇದ್ದರೆ ಅವಳ ಹೆಸರು ಅಚ್ಚಾಗುತ್ತದೆ. ಅವಳಿಗೆ ಅದು ಬೇಕಿತ್ತು. ಬೇರೆ ಏನನ್ನೂ ಇಷ್ಟು ಬೇಕೆಂದದ್ದಿಲ್ಲ. ಮಗು ಆಗಲಿಲ್ಲ, ಅದನ್ನೂ ನುಂಗಿಕೊಂಡಿದ್ದಳು. ಇದನ್ನು ನುಂಗಲು ಗಂಟಲು ಒಪ್ಪುತ್ತಿರಲಿಲ್ಲ.

ಮನೆಗೆ ಬಂದಾಗ ಕ್ಲೆಮ್ ವರಾಂಡದಲ್ಲಿ ಕೂತಿದ್ದ.

“ಹೆಸರು ಯಾವಾಗ ಬರೋದೇ?”

“ಹದಿನಾರು ದಿನ ಇದೆ ಕಣೋ.”

“ದುಡಿದವ್ರಿಗೆ ಸಿಗತ್ತೆ ನೋಡು,” ಎಂದ ಅವನು. ಅವಳು ಒಳಗೆ ಹೋಗಿ ಉಪ್ಪಿನ ಮಾಂಸ ಬೇಯಲು ಇಟ್ಟಳು.

ಸೋಮವಾರ ಅವಳು ರಿಪೇರಿಯವನಿಗೂ ಫೋನ್ ಮಾಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ತಾನೇ ಹತ್ತು ತಟ್ಟೆ ಬೆಳೆಸಿ, ಐದಕ್ಕೆ ಹದಿನೇಳು, ಐದಕ್ಕೆ ನೀರು ಹಾಕಿ, ಅದೇ ಮೂರನೆಯ ಪೆಟ್ಟಿಗೆಯಲ್ಲಿ ತಿರುಗಾಮುರುಗಾ ಇಟ್ಟಳು: ನೀರು ಮೇಲೆ, ಮದ್ದು ಕೆಳಗೆ. ದೇವರೇ, ನನ್ನ ಅನುಮಾನ ಸುಳ್ಳಾಗಲಿ ಎಂದು ಬೇಡಿಕೊಂಡಳು. ಚರ್ಚಿಗೆ ಹೋಗಿ ಎಷ್ಟು ಕಾಲವಾಯಿತೋ, ಆ ದೇವರಿಗೆ ಅವಳ ಗುರುತಾದರೂ ಇತ್ತೋ ಇಲ್ಲವೋ. ಬುಧವಾರ ಬಣ್ಣ ಹಾಕಿ ಎಣಿಸಿದಳು. ಮೇಲಿದ್ದ ಬರಿ ನೀರಿನವುಗಳಲ್ಲಿ ಬದುಕಿದ್ದು ನೂರಕ್ಕೆ ಅರವತ್ತೆಂಟು. ಕೆಳಗಿದ್ದ ಮದ್ದಿನವುಗಳಲ್ಲಿ ಇಪ್ಪತ್ತೆರಡು. ಕಣ್ಣೊರೆಸಿಕೊಂಡು ಮತ್ತೆ ಎಣಿಸಿದಳು. ಮೂರನೆಯ ಸಲವೂ ಅಷ್ಟೇ ಬಂತು.

ಮೊದಲು ಹೇಳಬೇಕಾದದ್ದು ಟ್ಯಾಮ್ಸಿನ್‌ಗೆ ಎಂದು ಅವಳಿಗೆ ಅನಿಸಿತು. ಚಹಾದ ಹೊತ್ತಿನಲ್ಲಿ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಎಲ್ಲ ಹೇಳಿದಳು. ಫ್ಯಾನು ತೋರಿಸಿದಳು. ಎಣಿಸಿ ಬರೆದ ಹಾಳೆ ಕೊಟ್ಟಳು. ಟ್ಯಾಮ್ಸಿನ್ ಹಾಳೆಯನ್ನು ಎರಡು ಸಲ ಓದಿದಳು. ಮುಖ ಬಿಳಿಚಿಕೊಂಡಿತು.

“ಹಲಗೆ ಬದಲಾಯಿಸ್ಲೇ ಇಲ್ವಾ ನೀವು? ಒಂಬತ್ತು ಸಲದಲ್ಲಿ ಒಂದ್ಸಲನೂ?”

“ಇಲ್ಲ.”

“ಮೊದಲ್ನೇ ದಿನ ನಂಗೆ ಹೇಳ್ಕೊಟ್ಟಿದ್ದೇ ಅದು! ನೀವೇ! ಹಲಗೆ ಬದಲಾಯಿಸ್ದೆ ಇದ್ರೆ ಕೈ ಮುರೀತೀನಿ ಅಂದಿದ್ರಿ!”

“ಅಂದಿದ್ದೆ.”

“ಮೂರು ವರ್ಷ ನೊಲೀನ್. ಮೂರು ವರ್ಷ ನಾನು ಬೆಳಿಗ್ಗೆ ಸಂಜೆ…” ಅವಳ ದನಿ ಒಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ತಗ್ಗಿದ ದನಿಯಲ್ಲಿ ಕೇಳಿದಳು: “ಗ್ರೆಹಾಂಗೆ ಹೇಳಿದೀರಾ?”

“ಇನ್ನೂ ಇಲ್ಲ.”

“ಯಾರಿಗೂ ಗೊತ್ತಿಲ್ವಾ?”

“ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ.”

ಇಬ್ಬರ ಮನಸ್ಸಿನಲ್ಲೂ ಓಡಿದ್ದು ಒಂದೇ. ಹುಡುಗಿ ಕೆಟ್ಟವಳಲ್ಲ. ಮೂರು ವರ್ಷವೆಂದರೆ ಇಪ್ಪತ್ತಾರರ ವಯಸ್ಸಿನಲ್ಲಿ ಸಣ್ಣದಲ್ಲ.

“ನೀವು ತೆಪ್ಪಗಿದ್ದಿದ್ರೆ ಏನಾಗ್ತಿತ್ತು?” ಎಂದಳು ಟ್ಯಾಮ್ಸಿನ್. ಪ್ರಶ್ನೆಗಿಂತ ಬೇಡಿಕೆಯಂತಿತ್ತು ಅದು.

ನೊಲೀನ್ ಕುರ್ಚಿಯ ಮೇಲೆ ಕುಸಿದಳು. “ಹೆಸರು ಬರ್ತಿತ್ತು. ನಿಂದೂ, ನಂದೂ. ನಾಳೆ ಯಾರೋ ಒಬ್ರು ನಮ್ಮ ಕಾಗದ ನಂಬ್ಕೊಂಡು ಮಾತ್ರೆ ಮಾಡ್ತಾರೆ. ತಗಡು ಹೊದಿಸೋ ಒಬ್ಬ ಅದನ್ನ ನುಂಗಿ, ನಂಗಿನ್ನೇನಾಗತ್ತೆ ಅಂತ ಜನವರಿ ಬಿಸಿಲಲ್ಲಿ ಏಣಿ ಹತ್ತುತಾನೆ. ನಮ್ಮನೇಲಿ ಒಬ್ಬ ಹತ್ತಿದ್ದ ಕಣೇ. ಕಳಿಸ್ಕೊಟ್ಟೋಳು ನಾನೇ. ಇನ್ನೊಬ್ಬನ್ನ ಕಳಿಸೋ ಶಕ್ತಿ ನಂಗಿಲ್ಲ.”

ಟ್ಯಾಮ್ಸಿನ್ ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಬಾಗಿಲನ್ನು ಧಡಾರೆಂದು ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ನೊಲೀನಳಿಗೆ ಸ್ವಲ್ಪ ಹಗುರವೆನಿಸುತ್ತಿತ್ತು.

ಗ್ರೆಹಾಂ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಹಲಗೆ ವಿಷಯ ಎಲ್ರಿಗೂ ಪಾಠ ಹೇಳೋಳು ನೀನು,” ಎಂದ.

“ಹೌದು ಗ್ರೆಹಾಂ.”

“ನಾನೂ ಒಂದು ದಿನ ಬಂದು ನೋಡ್ಲಿಲ್ಲ. ಅಂಕಿ ಚೆನ್ನಾಗಿ ಬರ್ತಿತ್ತಲ್ಲ, ಯಾರು ನೋಡ್ತಾರೆ.” ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದ: “ಕೊನೇ ಸಲ ಒಂದು ವಾರ ಪೂರ್ತಿ ರಜೆ ಯಾವಾಗ ಹಾಕಿದ್ದೆ ನೀನು?”

ಅವಳಿಗೆ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳುವುದೂ ಒಂದು ಕೆಲಸವೆನಿಸಿ ಬಿಟ್ಟುಬಿಟ್ಟಳು.

ಹೊಸ ಫ್ಯಾನು ಹಾಕಿಸಿ, ಮೇಲೆ ಕೆಳಗೆ ಬದಲಾಯಿಸಿ, ಇನ್ನೆರಡು ಸಲ ಎಲ್ಲರ ಎದುರು ಮಾಡಿ ನೋಡಿದರು. ಹದಿನೇಳು ಕುಡಿದವೂ ಬರಿ ನೀರು ಕುಡಿದವೂ ಒಂದೇ ಸಮ ಸತ್ತವು. ಸಂಚಿಕೆಗೆ ಆರು ದಿನ ಇರುವಾಗ ಗ್ರೆಹಾಂ ಪತ್ರಿಕೆಗೆ ಬರೆದು ಲೇಖನವನ್ನು ವಾಪಸು ತೆಗೆದುಕೊಂಡ. ಪತ್ರಿಕೆಯವರು ಎರಡು ಸಾಲಿನ ಉತ್ತರ ಕಳಿಸಿದರು, ಸಜ್ಜನರಂತೆ. ಟ್ಯಾಮ್ಸಿನ್ ಒಂದು ವಾರ ಮಾತು ಬಿಟ್ಟಳು. ಎಂಟನೆಯ ದಿನ ಕೋಣೆಗೆ ಬಂದು, ಮುಖ ನೋಡದೆ, “ಇನ್ಮೇಲೆ ಭಾನುವಾರ ಊಟ ನಾನು ಹಾಕ್ತೀನಿ. ನೀವು ಮಲಕ್ಕೊಳ್ಳಿ. ನಿಮಗೋಸ್ಕರ ಅಲ್ಲ, ನನ್ ಸೆಲ್ಲುಗಳಿಗೋಸ್ಕರ,” ಎಂದು ಹೋದಳು. ಅವಳು ಹದಿನೆಂಟನೆಯ ಸತ್ವದಿಂದ ಮತ್ತೆ ಶುರು ಮಾಡಬೇಕಿತ್ತು.

ಲೇಖನ ವಾಪಸಾದ ದಿನವೇ ನೊಲೀನ್ ಫ್ರಿಜ್ಜಿನ ಮೇಲಿನ ಪತ್ರ ಕಿತ್ತಿದ್ದಳು. ಆದರೆ ಕ್ಲೆಮ್‌ನ ತಲೆಯಲ್ಲಿ ಅಂಟಿದ್ದನ್ನು ಹೇಗೆ ಕೀಳುವುದು? ಮಾರನೆಯ ಬೆಳಿಗ್ಗೆ ಅವನು ಚಹಾ ಹೀರುತ್ತ ಕೇಳಿದ.

“ಹೆಸರು ಯಾವಾಗ ಬರೋದೇ?”

ಅವಳು ಅವನ ಪಕ್ಕ ಕೂತು, ಕೈ ಹಿಡಿದುಕೊಂಡು, ಇದ್ದದ್ದು ಇದ್ದಂತೆ ಹೇಳಿದಳು. ತನ್ನ ತಪ್ಪಿನಿಂದ ಎಂದೂ ಹೇಳಿದಳು. ಕ್ಲೆಮ್‌ನ ಮುಖ ಸಪ್ಪಗಾಯಿತು. ಹಲ್ಲು ಕಚ್ಚಿಕೊಂಡು ಮಾಡು ಹತ್ತುತ್ತಿದ್ದ ಆ ದೊಡ್ಡ ಗಂಡಸಿನ ಕಣ್ಣಲ್ಲಿ ನೀರು ತುಂಬಿತು.

“ಅಯ್ಯೋ ಪಾಪ. ಎಷ್ಟು ಆಸೆ ಇಟ್ಕೊಂಡಿದ್ದೆ ನೀನು,” ಎಂದ. ಅವಳ ಬೆನ್ನು ಸವರಿದ. “ಹೇಳ್ಬಿಟ್ಯಲ್ಲ, ಒಳ್ಳೇದಾಯ್ತು ಬಿಡು. ನೀನು ಹೇಳ್ದೆ ಇರೋಳಲ್ಲ.”

ಆ ಮಾತಿಗೆ ಅವಳ ಎದೆಯ ಭಾರ ಅರ್ಧ ಇಳಿಯಿತು. ಗಂಡನಿಂದ ಅಷ್ಟು ಸಿಕ್ಕಿದ್ದು ಸಾಕೆಂದುಕೊಂಡಳು.

ಮರುದಿನ ಅವನು ಅದೇ ಕುರ್ಚಿಯಲ್ಲಿ ಕೂತು, ಅದೇ ಹಿಗ್ಗಿನಿಂದ ಕೇಳಿದ: “ಹೆಸರು ಯಾವಾಗ ಬರೋದೇ?”

ಮತ್ತೆ ಹೇಳಿದಳು. ಮತ್ತೆ ಅವನ ಮುಖ ಸಪ್ಪಗಾಯಿತು, ಮತ್ತೆ ಕಣ್ಣು ತುಂಬಿತು. ಅವನಿಗೆ ಅದು ಹೊಸ ಪೆಟ್ಟು, ಪ್ರತಿ ಸಲವೂ ಮೊದಲನೆಯದೇ. ಮೂರನೆಯ ದಿನ ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ ನೋಡಿದಳು. ಅವನು ಅದನ್ನು ಓದಿ, ಹಾಲಿನ ಡಬ್ಬಿ ಕೈಯಲ್ಲಿ ಹಿಡಿದು ಅಡುಗೆಮನೆಯ ನಡುವೆ ನಿಂತು ಅತ್ತದ್ದನ್ನು ಕಂಡು ತಾನೇ ಕಿತ್ತು ಬಿಸಾಡಿದಳು. ನಾಲ್ಕು, ಐದು, ಆರು. ಅವಳು ತನ್ನ ಸೋಲನ್ನು ದಿನಾ ಬೆಳಿಗ್ಗೆ ಚಹಾದ ಜೊತೆ ಒಪ್ಪಿಸುತ್ತಿದ್ದಳು, ಅವನು ದಿನಾ ಹೊಸದಾಗಿ ಸಂಕಟಪಡುತ್ತಿದ್ದ, ಅವಳು ಅವನನ್ನು ಸಮಾಧಾನ ಮಾಡಿ ಕೆಲಸಕ್ಕೆ ಹೊರಡುತ್ತಿದ್ದಳು. ಸಮಾಧಾನ ಬೇಕಾದದ್ದು ಯಾರಿಗೆ ಎಂದು ಕೇಳಿಕೊಳ್ಳುವ ಶಕ್ತಿಯೂ ಏಳನೆಯ ದಿನಕ್ಕೆ ಮುಗಿದಿತ್ತು. ಎಂಟನೆಯ ದಿನವೂ ಹೇಳಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಕೊನೆಗೂ ಮಳೆ ಹಿಡಿದಿತ್ತು. ಕ್ಲೆಮ್ ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ತಲೆಯೆತ್ತಿದ.

“ಹೆಸರು ಯಾವಾಗ ಬರೋದೇ?”

ನೊಲೀನ್ ಅವನ ಮುಖ ನೋಡಿದಳು. ಇನ್ನು ಅರ್ಧ ನಿಮಿಷದಲ್ಲಿ ಅದು ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ಬಂತು ಕ್ಲೆಮ್,” ಎಂದಳು. “ಬಂದಿದೆ.”

ಅವನು ಮೇಜು ಗುದ್ದಿ ಎದ್ದುನಿಂತ. ಬೆಣ್ಣೆ ಚಾಕು ನೆಲಕ್ಕೆ ಬಿತ್ತು. “ಓದು! ಓದೇ!” ಅವಳು ಐದೂ ಹೆಸರನ್ನು ಬಾಯಿಪಾಠ ಹೇಳಿದಳು. “ನಾಲ್ಕನೇದು!” ಎಂದು ಅವನು ಕುಣಿದ, ಅವಳ ಎರಡೂ ಕೆನ್ನೆ ಹಿಡಿದು ಮುತ್ತು ಕೊಟ್ಟ, ಆರು ವರ್ಷದಲ್ಲಿ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಆ ದಿನ ಅವಳು ಅಳಲಿಲ್ಲ. ಹೇಗೂ ನಾಳೆಗೆ ಮರೆತಿರುತ್ತಾನೆ, ಒಂದು ದಿನದ ಬಿಡುವು ಸಿಕ್ಕಿತಷ್ಟೇ ಎಂದುಕೊಂಡು ಕೆಲಸಕ್ಕೆ ಹೋದಳು.

ಮರುದಿನ ಬೆಳಿಗ್ಗೆ ಚಹಾ ಮುಂದಿಟ್ಟು ಅವಳು ಪ್ರಶ್ನೆಗೆ ಕಾದಳು. ಅವನು ಕೇಳಲಿಲ್ಲ. ಚಹಾ ಹೀರಿದ, ಮಳೆ ನೋಡಿದ, ಬೇಲಿಯಾಚೆ ಕೊಡೆ ಹಿಡಿದು ಹೂಕುಂಡ ಸರಿಸುತ್ತಿದ್ದ ಬೆವ್‌ಳನ್ನು ಕಂಡು ಕಿಟಕಿಯಿಂದಲೇ ಕೂಗಿದ.

“ಬೆವ್! ಹೆಸರು ಬಂತು ಕಣೇ! ಐದರಲ್ಲಿ ನಾಲ್ಕನೇದು!”

ಎಂಟು ದಿನ ಹೇಳಿದ ನಿಜ ಒಂದೂ ನಿಂತಿರಲಿಲ್ಲ. ನಿಂತದ್ದು ಇದು. ಇನ್ನು ಅವನು ಇರುವಷ್ಟು ದಿನವೂ ಇದು ಹೀಗೆಯೇ ಇರುತ್ತದೆ, ಇದನ್ನು ವಾಪಸು ತೆಗೆದುಕೊಳ್ಳಲು ಯಾರಿಗೆ ಕಾಗದ ಬರೆಯಬೇಕೋ ಅವಳಿಗೆ ತಿಳಿಯಲಿಲ್ಲ.

ಕ್ಲೆಮ್ ಅವಳ ಕಡೆ ತಿರುಗಿದ. “ನಾಲ್ಕನೇದು ತಾನೇ?”

“ಹೌದು ಕಣೋ,” ಎಂದಳು ನೊಲೀನ್. “ನಾಲ್ಕನೇದು.”